ಅವ್ವನ ಸಹಿ

ಆಗೆಲ್ಲ ಜೋಗೇಶ್ವರಿಯ ನಮ್ಮ ಚಾಳಿನ ಮಕ್ಕಳಿಗೆ ಇಲೆಕ್ಷನ್ ಎಂದರೆ ಬಿಲ್ಲೆಗಳ ಹಬ್ಬ. ಯಾವ ಪಕ್ಷದ ಜೀಪು ಬಂದರೂ ಹಿಂದೆ ಓಡುತ್ತಿದ್ದೆವು. ಸಿಕ್ಕ ಬಿಲ್ಲೆಗಳನ್ನೆಲ್ಲ ಫ್ರಾಕಿಗೆ ಚುಚ್ಚಿಕೊಂಡು, ಗೆಳತಿಯರ ಜೊತೆ ಅದಲುಬದಲು ಮಾಡಿಕೊಂಡು ಮೆರೆಯುತ್ತಿದ್ದೆವು. ಪ್ರಚಾರದವರು ಹಂಚುವ ವಡಾಪಾವಿನ ಬೆಳ್ಳುಳ್ಳಿ ಚಟ್ನಿಯ ಘಮ, ಗಲ್ಲಿಯ ತುದಿಯ ಸಂಡಾಸಿನ ನಾತವನ್ನೂ ಸ್ವಲ್ಪ ಹೊತ್ತು ಮರೆಸುತ್ತಿತ್ತು.

ಆ ಸಂಡಾಸೇ ನಮ್ಮ ದೊಡ್ಡ ಗೋಳು. ಹೆಂಗಸರ ಕಡೆಯ ನಾಲ್ಕು ಬಾಗಿಲುಗಳೂ ತುಕ್ಕು ತಿಂದು ಕಳಚಿ ಬಿದ್ದಿದ್ದವು. ನಾನು ಒಳಗೆ ಕೂತರೆ ಅವ್ವ ಹಳೆ ಸೀರೆಯೊಂದನ್ನು ಅಡ್ಡ ಹಿಡಿದು ಹೊರಗೆ ನಿಲ್ಲುತ್ತಿದ್ದಳು, ಅವ್ವ ಕೂತರೆ ನಾನು. ಅವಳು ಕಟ್ಟಡದ ಕೆಲಸಕ್ಕೆ ಹೋದ ಮೇಲೆ ನನಗೆ ಸೀರೆ ಹಿಡಿಯುವವರಿಲ್ಲ. ಹಾಗಾಗಿ ಅವಳು ಬರುವ ತನಕ ನಾನು ನೀರೇ ಕುಡಿಯುತ್ತಿರಲಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಅದೆಂಥ ಶಿಕ್ಷೆ ಎಂದು ಈಗಲೂ ಸಿಟ್ಟು ಬರುತ್ತದೆ.

ಗಲ್ಲಿಯಲ್ಲಿ ಬಹುಮಂದಿ ವಿಜಯಪುರದ ಕಡೆಯಿಂದ ಕೂಲಿಗೆ ಬಂದವರು. ಹೆಂಗಸರಲ್ಲಿ ಒಬ್ಬರಿಗೂ ಓದು ಬಾರದು. ಕನ್ನಡ ಶಾಲೆಯಲ್ಲಿ ಆರನೆಯ ತರಗತಿಯಲ್ಲಿದ್ದ ನಾನೇ ಅವರ ವಕೀಲೆ. ಊರಿನ ಕಾಗದ, ರೇಷನ್ ಕಾರ್ಡು ಎಲ್ಲ ನನ್ನ ಮುಂದೆ ಬರುತ್ತಿದ್ದವು. ಆ ಚಳಿಗಾಲ ಅವ್ವನಿಗೂ ಹೆಸರು ಬರೆಯಲು ಕಲಿಸಿದ್ದೆ. ಪರಾತದ ಜೋಳದ ಹಿಟ್ಟಿನಲ್ಲಿ ಬೆರಳಾಡಿಸಿ ‘ನೀಲವ್ವ’ ಎಂದು ಬರೆದವಳು, “ಇನ್ನ ಹೆಬ್ಬಟ್ಟ ಒತ್ತಂಗಿಲ್ಲ ನೋಡ ನಾ” ಎಂದು ಹಿಗ್ಗಿದ್ದಳು.

ಆ ವರ್ಷ ಬಂದದ್ದು ಕಾರ್ಪೊರೇಶನ್ ಇಲೆಕ್ಷನ್. ಪಕ್ಕದ ಖೋಲಿಯ ಭೀಮಕ್ಕ ಹೆಂಗಸರನ್ನೆಲ್ಲ ಸೇರಿಸಿದಳು. “ಬಾಗಲಾ ಇಲ್ಲಂದ್ರ ವೋಟೂ ಇಲ್ಲ. ಮಾರಿ ಮ್ಯಾಲೆ ಹೇಳೂಣು” ಎಂದಳು. ಹೇಳಿಯೇಬಿಟ್ಟಳು ಕೂಡ. ನಮ್ಮ ವಾರ್ಡಿನ ನಗರಸೇವಕ, ಅಂದರೆ ಕಾರ್ಪೊರೇಟರ್, ಮತ್ತೆ ನಿಂತಿದ್ದ. ಎಲ್ಲರೂ ಅವನನ್ನು ಭಾವೂ ಎನ್ನುತ್ತಿದ್ದರು. ಕೈಮುಗಿದುಕೊಂಡು ಬಂದವನನ್ನು ಭೀಮಕ್ಕ ಅಡ್ಡಗಟ್ಟಿ ಸಂಡಾಸಿನವರೆಗೂ ನಡೆಸಿದಳು. ಅವನು ಮೂಗಿಗೆ ಕರವಸ್ತ್ರ ಹಿಡಿದು ನೋಡಿಹೋದ. ಮರುದಿನವೇ ಒಂದು ಇಂಗ್ಲಿಷ್ ಕಾಗದ ಹಿಡಿದು ಬಂದ.

“ಅರ್ಜಿ ಹೈ. ಸಬ್ ಸೈನ್ ಕರೋ, ದರ್ವಾಜಾ ಲಗ್ ಜಾಯೇಗಾ.”

ಭೀಮಕ್ಕ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ. ಕಾಗದವನ್ನು ನನ್ನ ಕೈಗಿಟ್ಟಳು. “ಮೊದಲ ನೀ ಓದವ್ವಾ. ಬಾಗಲಾ ಹಚ್ಚತೀವಂತ ಬರದಾರೇನ?”

ನನಗೆ ಬರುತ್ತಿದ್ದ ಇಂಗ್ಲಿಷೆಂದರೆ ಹಸು, ಬೆಕ್ಕು, ನನ್ನ ಶಾಲೆ. ಕಾಗದದಲ್ಲಿ ಜೋಗೇಶ್ವರಿ ಎಂಬುದು ಕಂಡಿತು, ಬಾಗಿಲು ಎಂಬ ಪದವೂ ಸಿಕ್ಕಿತು. ಉಳಿದದ್ದೊಂದೂ ತಿಳಿಯಲಿಲ್ಲ. ಇಪ್ಪತ್ತು ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು. ಅವ್ವನ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ. ಗೊತ್ತಾಗಲಿಲ್ಲ ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಸಾಲಿನ ಮೇಲೆ ಬೆರಳಾಡಿಸಿ, ತುಟಿ ಅಲ್ಲಾಡಿಸಿ, “ಹ್ಞೂಂ, ಬರದಾರ” ಎಂದೆ.

ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತಿದರು. ಅವ್ವ ಮಾತ್ರ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಕೇಳಿದಳು. ಆ ಮೂರಕ್ಷರ ಮುಗಿಯುವುದರೊಳಗೆ ಭಾವೂ ಎರಡು ಸಲ ವಾಚು ನೋಡಿಕೊಂಡ.

ಎಲ್ಲರೂ ಅವನಿಗೇ ವೋಟು ಹಾಕಿದರು. ಅವನು ಗೆದ್ದ. ಗುಲಾಲು ನಮ್ಮ ಹೊಸ್ತಿಲಿಗೂ ಬಂತು, ಬಾಗಿಲು ಬರಲಿಲ್ಲ.

ಮಳೆ ಹಿಡಿದ ಮೇಲೆ ಭೀಮಕ್ಕ, ಅವ್ವ ಮತ್ತು ನಾನು ವಾರ್ಡ್ ಆಫೀಸಿಗೆ ಹೋದೆವು. ಗುಮಾಸ್ತ ಫೈಲು ತೆಗೆದು, ಅದೇ ಕಾಗದವನ್ನು ನಮ್ಮತ್ತ ತಿರುಗಿಸಿದ. “ಕಾಮ್ ತೋ ಹೋ ಗಯಾ, ಬಾಯಿ. ತುಮ್ ಲೋಗೋನೇಚ್ ಲಿಖಕೇ ದಿಯಾ.” ನಾಲ್ಕೂ ಬಾಗಿಲು ಹಾಕಿಸಿಯಾಗಿದೆ, ನಮಗೆ ಸಮಾಧಾನವಾಗಿದೆ ಎಂದು ಅದರಲ್ಲಿ ನಾವೇ ಬರೆದುಕೊಟ್ಟಿದ್ದೆವಂತೆ. ಕೆಳಗೆ ನೀಲಿ ಹೆಬ್ಬೆಟ್ಟುಗಳು, ಅವುಗಳ ನಡುವೆ ಒಂದೇ ಒಂದು ಕನ್ನಡ ಹೆಸರು. ಅದರ ಮೇಲೆ ಬೆರಳಿಟ್ಟು, “ಯೇ ಕಿಸಕಾ ಹೈ?” ಎಂದು ಅದು ಯಾರ ಸಹಿಯೆಂದು ಕೇಳಿದ.

ಅವ್ವ ನನ್ನತ್ತ ಒಮ್ಮೆ ನೋಡಿದಳು. ನಾನು ನೆಲ ನೋಡುತ್ತಿದ್ದೆ.

“ಮೇರಾಚ್ ಹೈ” ಎಂದಳು.

ದಾರಿಯಲ್ಲಿ ಭೀಮಕ್ಕ, “ಹುಡುಗಿ ಓದಿದ್ಳಲ್ಲ ನೀಲವ್ವಾ?” ಎಂದು ಕೇಳಿದಳು.

“ಅಕಿ ಬರೋಬ್ಬರಿನ ಓದ್ಯಾಳ. ಆಮ್ಯಾಲೆ ಅವ್ರ ಬದಲ ಮಾಡ್ಯಾರ” ಎಂದಳು ಅವ್ವ. ಮನೆಗೆ ಬಂದ ಮೇಲೂ ನನ್ನನ್ನು ಒಂದು ಮಾತು ಕೇಳಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆದರೆ ಆಮೇಲೆ ಹಿಟ್ಟಿನಲ್ಲಿ ಅವಳು ಹೆಸರು ಬರೆದದ್ದನ್ನು ನಾನು ನೋಡಲಿಲ್ಲ.

ಈಗ ಮಲಾಡಿನ ಒಂದು ಸೊಸೈಟಿಯ ಫ್ಲ್ಯಾಟಿನಲ್ಲಿದ್ದೇನೆ. ಇಂಗ್ಲಿಷು ಚೆನ್ನಾಗಿಯೇ ಬರುತ್ತದೆ, ಓದುವುದಿಲ್ಲ ಅಷ್ಟೇ. ವಾರ್ಡಿನಲ್ಲಿ ಏನು ಕೆಲಸವಾಯಿತು, ಏನು ಆಗಲಿಲ್ಲ, ಎಲ್ಲ ಮೊಬೈಲಿನಲ್ಲೇ ಸಿಗುತ್ತದಂತೆ. ನಾನು ಒಮ್ಮೆಯೂ ತೆಗೆದು ನೋಡಿಲ್ಲ. ವಾಟ್ಸಾಪಿಗೆ ಬಂದದ್ದನ್ನು ಇನ್ನೊಬ್ಬರಿಗೆ ಕಳಿಸಿ, ವೋಟು ಹಾಕಿ, ಶಾಯಿ ಹಚ್ಚಿದ ಬೆರಳಿನ ಫೋಟೊ ತೆಗೆದುಕೊಳ್ಳುತ್ತೇವೆ. ಅಂದು ಗಲ್ಲಿಯಲ್ಲಿ ಓದಿದಂತೆ ನಟಿಸಿದವಳು ನಾನೊಬ್ಬಳೇ. ಇಂದು ಇಡೀ ಬಿಲ್ಡಿಂಗೇ ನಟಿಸುತ್ತದೆ. ಮೊದಲು ಓದು ಎಂದು ಕಾಗದವನ್ನು ಕೈಗಿಡುವ ಭೀಮಕ್ಕನೂ ಈಗಿಲ್ಲ. ಇದೆಲ್ಲ ಸರಿಹೋದೀತು ಎಂಬ ಆಸೆ ನನಗೆ ಉಳಿದಿಲ್ಲ.

ಕಳೆದ ಇಲೆಕ್ಷನ್ನಿಗೆ ಅವ್ವನನ್ನು ನಾನೇ ಕೈಹಿಡಿದು ಕರೆದೊಯ್ದೆ. ಮತಗಟ್ಟೆಯವನು ರಿಜಿಸ್ಟರು ತೆರೆದು ಪೆನ್ನು ಕೊಡಲು ಬಂದ. ಅವ್ವ ಎಡಗೈಯ ಹೆಬ್ಬೆರಳು ಮುಂದೆ ಮಾಡಿದಳು.

“ಸೈನ್ ನಹೀಂ ಆತಾ ಕ್ಯಾ?” ಅವ್ವನಿಗೆ ಸಹಿ ಬಾರದೇ ಎಂದು ಅವನು ನನ್ನನ್ನು ಕೇಳಿದ.

ಅವ್ವ ನನ್ನತ್ತ ನೋಡಿದಳು.

“ನಹೀಂ ಆತಾ” ಎಂದೆ.