ಓದಿದ್ದೋ, ಒಪ್ಪಿಸಿದ್ದೋ

ಬಾಳೆಹಣ್ಣು ಎಷ್ಟು ಒಳ್ಳೆಯ ಅಂಟು ಎಂಬುದು ನನಗೆ ತಿಳಿದದ್ದು ಮಗಳ ಶಾಲೆಯ ಚೀಲದಿಂದ. ಆರು ತುಂಬದ ಇಳಾ ಶಾಲೆಯಿಂದ ತೆಳ್ಳನೆಯ ಕಥೆಪುಸ್ತಕಗಳನ್ನು ತರುತ್ತಾಳೆ. ಸಂಜೆ ಅವನ್ನು ಗಟ್ಟಿಯಾಗಿ ಓದಿಸುವುದು ಇಲ್ಲಿ, ಇಂಗ್ಲಿಷರ ನಾಡಿನಲ್ಲಿ, ಹೆತ್ತವರ ಪಾಲಿನ ಕೆಲಸ. ನಮ್ಮ ಎಜ್‌ವೇರ್ ಫ್ಲಾಟಿನಲ್ಲಿ ಅದು ನನಗೆ ಬಿತ್ತು. ಹೆಂಡತಿ ಸುಮಾ ಆಸ್ಪತ್ರೆಯಿಂದ ಬರುವುದು ತಡ. ಮೇಲಾಗಿ, ಇತಿಹಾಸದಲ್ಲಿ ಡಾಕ್ಟರೇಟು ಪಡೆದವನಿಗೆ ನಾಯಿಯೊಂದು ಕೊಳಕ್ಕೆ ಹೋದ ಕಥೆಯನ್ನು ಓದಿಸುವ ಅರ್ಹತೆ ಇದ್ದೇ ಇರುತ್ತದೆಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಎಲ್ಲರೂ ಎಂದರೆ ನಾನು.

ಮೊದಲ ಸಂಜೆಯೇ ಆ ನಂಬಿಕೆ ಅಲುಗಾಡಿತು. ನಾನು ಬೆರಳಿಟ್ಟು 'ಡಿ, ಓ, ಜಿ' ಎಂದೆ. ಅಕ್ಷರದ ಹೆಸರು ಹೇಳಬಾರದು, ಅದು ಮಾಡುವ ಸದ್ದನ್ನು ಹೇಳಬೇಕು, ಸದ್ದುಗಳನ್ನು ಕೂಡಿಸಿದರೆ ಪದ ಬರುತ್ತದೆ ಎಂದು ಇಳಾ ತನ್ನ ಟೀಚರ್ ಗತ್ತಿನ ಇಂಗ್ಲಿಷಿನಲ್ಲಿ ತಿದ್ದಿದಳು. ನಾನು ಡ್, ಆ, ಗ್ ಎಂದು ತೊದಲಿದ್ದನ್ನು ಪಕ್ಕದ ಫ್ಲಾಟಿನವರು ಕೇಳಿದ್ದರೆ ಜಿಪಿ ಡಾಕ್ಟರ ಹತ್ತಿರ ಹೋಗಲು ಹೇಳುತ್ತಿದ್ದರು. ಅವಳೇನಾದರೂ ಒಂದು ಪದದ ಮುಂದೆ ಉಸಿರು ಹಿಡಿದು ನಿಂತರೆ ನನಗೆ ತಡೆಯದು. ಇನ್ನೊಬ್ಬರ ಮೌನವನ್ನು ತುಂಬಿಸುವುದು ಕಲಿತವರ ಕಾಯಿಲೆ. ನಾನೇ ಆ ಪದ ಹೇಳಿ ಮುಂದೆ ಸಾಗಿಸುತ್ತಿದ್ದೆ.

ಆದರೂ ಎರಡನೆಯ ಸಲಕ್ಕೆ ಅವಳು ನೀರು ಕುಡಿದಂತೆ ಓದುತ್ತಿದ್ದಳು. ನಾನು ಹಿಗ್ಗಿಹೋದೆ. ನಾಲ್ಕು ವರ್ಷಕ್ಕೇ ಮೈಸೂರಿನ ಜಗಲಿಯಲ್ಲಿ ಕೂತು ತಾತನಿಗೆ ದಿನಪತ್ರಿಕೆ ಓದಿ ಹೇಳುತ್ತಿದ್ದ ಮಗು ನಾನು. ಮಗಳು ಬೇರೆ ಹೇಗಾಗಬೇಕು? ಈ ಕಥೆಯನ್ನು ಸುಮಾ ಎಷ್ಟು ಸಲ ಕೇಳಿದ್ದಾಳೋ, ಈಗೀಗ ಅದು ಶುರುವಾದ ಕೂಡಲೇ ಕುಕ್ಕರಿನ ಕಡೆ ಎದ್ದುಹೋಗುತ್ತಾಳೆ.

ಒಂದು ಸಂಜೆ ಚೀಲದಲ್ಲಿ ಹಣ್ಣು ಜಜ್ಜಿಹೋಗಿ ಪುಸ್ತಕದ ಎರಡು ಹಾಳೆ ಅಂಟಿಕೊಂಡಿದ್ದವು. ಇಳಾ ಹಾಳೆ ತಿರುಗಿಸಿದಳು. ಚಿತ್ರದಲ್ಲಿ ನಾಯಿ ಗುಡ್ಡದ ಮೇಲಿತ್ತು. ಅವಳ ಬಾಯಲ್ಲಿ ಇನ್ನೂ ಕೊಳದಲ್ಲಿ ಈಜುತ್ತಿತ್ತು. ಅಂಟಿಹೋದ ಪುಟವನ್ನು ಒಂದಕ್ಷರ ಬಿಡದೆ ಓದಿದಳು.

"ಇದು ಓದೋದಲ್ಲ, ಬಾಯಿಪಾಠ" ಎಂದು ನಾನು ನಕ್ಕೆ. ಹುಸಿ ದಾಖಲೆಯೊಂದನ್ನು ಪತ್ತೆ ಮಾಡಿದ ಸಂಶೋಧಕನ ಉತ್ಸಾಹ ಅದು. ಅವಳು ಪುಸ್ತಕ ಮುಚ್ಚಿದಳು. ಮರುದಿನವೂ ತೆರೆಯಲಿಲ್ಲ, ಆಮೇಲೂ ಇಲ್ಲ. ಪುಸ್ತಕ ಕಂಡರೆ ಸೋಫಾದ ಹಿಂದೆ ಹೋಗಿ ಕೂರುತ್ತಿದ್ದಳು. ನಾನು ಹೇಳಿಕೊಟ್ಟದ್ದನ್ನೇ ಅವಳು ನನಗೆ ಒಪ್ಪಿಸಿದ್ದಳೆಂಬುದು ಹೊಳೆಯುವುದಕ್ಕೆ ನನ್ನಂಥ ಪಂಡಿತನಿಗೂ ಸಾಕಷ್ಟು ಸಮಯ ಹಿಡಿಯಿತು.

ಸಮಾಧಾನ ಬೇಕೆನಿಸಿ ಮೈಸೂರಿನ ಅಕ್ಕನಿಗೆ ಫೋನ್ ಮಾಡಿದೆ. ನನ್ನ ಪತ್ರಿಕೆಯ ಪ್ರತಾಪವನ್ನು ಅವಳ ಬಾಯಿಂದಲೇ ಕೇಳುವ ಆಸೆ.

"ನೀನೆಲ್ಲಿ ಓದ್ತಿದ್ದೆಯೋ? ತಾತ ಬೆಳಿಗ್ಗೆ ಗಟ್ಟಿಯಾಗಿ ಓದೋರು, ನೀನು ಸಂಜೆ ಬಂದೋರ ಮುಂದೆ ಒಪ್ಪಿಸೋನು. ಎಷ್ಟೋ ಸಲ ಹಿಂದಿನ ದಿನದ ಪೇಪರ್ ಹಿಡ್ಕೊಂಡು ಅವತ್ತಿನ ಸುದ್ದಿ ಓದಿದ್ದೀಯ."

ಅಕ್ಕನ ನೆನಪಿಗೆ ಮಾತ್ರ ಏನು ಪ್ರಮಾಣ ಎಂದು ವಾದ ಹೂಡಬಹುದಿತ್ತು. ದೇವರು, ಜಾತಕ, ಸರ್ಕಾರದ ಅಂಕಿಅಂಶ ಎಲ್ಲವನ್ನೂ ಅನುಮಾನಿಸಿದವನು ನಾನು, ಈ ಒಂದು ಕಥೆಯನ್ನು ಬಿಟ್ಟು. ಕಣ್ಣು ಮುಚ್ಚಿ ನೋಡಿದೆ. ಜಗಲಿಯ ಬಿಸಿಲಿದೆ, ತಾತನ ನಶ್ಯದ ವಾಸನೆಯಿದೆ, ಮೆಚ್ಚುವ ಮುಖಗಳಿವೆ. ಗೆಳೆಯರೇ, ಕೈಯಲ್ಲಿರುವ ಪತ್ರಿಕೆಯ ಮೇಲೆ ಮಾತ್ರ ಒಂದಕ್ಷರವೂ ಇಲ್ಲ. ಹಾಗಾದರೆ ನಾನು ನಿಜವಾಗಿ ಓದಲು ಕಲಿತದ್ದು ಯಾವಾಗ? ಗೊತ್ತಿಲ್ಲ. ಯಾರೂ ಚಪ್ಪಾಳೆ ತಟ್ಟದ ಯಾವುದೋ ಹೊತ್ತಿನಲ್ಲಿ ಇರಬೇಕು.

"ರೀ, ಒಂದು ವಾರ ಬಾಯಿ ಮುಚ್ಚಿಕೊಂಡಿರಿ, ನೋಡೋಣ" ಎಂದಳು ಸುಮಾ. ಅದು ನನ್ನ ಪ್ರಬಂಧಕ್ಕಿಂತ ಕಷ್ಟದ ಕೆಲಸವಾಗಿತ್ತು.

ಶನಿವಾರ ಕೆಂಟನ್ನಿನ ಗೆಳೆಯನ ಮನೆಯಲ್ಲಿ ಊಟ. ಸುಮಾ ಆಸ್ಪತ್ರೆಯಿಂದ ನೇರ ಅಲ್ಲಿಗೇ ಹೋಗಿದ್ದಳು. ನಾನು ಮತ್ತು ಇಳಾ ಬಸ್ಸಿನ ಮಹಡಿಯ ಮುಂದಿನ ಸೀಟಿನಲ್ಲಿದ್ದೆವು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತು. ಎದುರಿನ ಅಂಗಡಿಯ ಬೋರ್ಡನ್ನು ನೋಡುತ್ತ ಅವಳು ಪಿಸುಗುಟ್ಟಿದಳು: ಕ್, ಇ, ಚ್... ಕಿಚನ್ಸ್. ಆಮೇಲೆ ಅಂಡ್. ಆಮೇಲೆ ಬ್... ನನ್ನ ನಾಲಗೆ ಆಗಲೇ ಮೇಲೆದ್ದಿತ್ತು.

"ಅಪ್ಪಾ, ಡೋಂಟ್ ಟೆಲ್ ಮಿ."

ಬಸ್ಸು ಹೊರಟುಬಿಟ್ಟಿತು. ಇಳಾ ಸೀಟಿನ ಮೇಲೆ ಮೊಣಕಾಲೂರಿ ಹಿಂದಕ್ಕೆ ತಿರುಗಿದಳು, ಅಂಗಡಿ ಕಾಣಲಿಲ್ಲ. ಮುಖ ಸಣ್ಣದಾಯಿತು. ನನಗೆ ಉತ್ತರ ಗೊತ್ತಿತ್ತು, ಹೇಳಿದರೆ ಮುಗಿಯುತ್ತಿತ್ತು. ಅದರ ಬದಲು ಎದ್ದು ಬೆಲ್ ಒತ್ತಿದೆ.

ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದೆವು. ಬೋರ್ಡಿನ ಕೆಳಗೆ ಅವಳು ಬಹಳ ಹೊತ್ತು ನಿಂತಳು, ಎರಡು ಸಲ ತಪ್ಪಿದಳು, ನಾನು ತುಟಿ ಕಚ್ಚಿಕೊಂಡು ಸಂಚಾರ ದಟ್ಟಣೆಯನ್ನು ಅಧ್ಯಯನ ಮಾಡಿದೆ. ಕೊನೆಗೆ 'ಬಾತ್‌ರೂಮ್ಸ್' ಬಂತು. ಇಷ್ಟೇನಾ ಎಂಬಂತೆ ಗಾಜಿನಾಚೆಯ ನಲ್ಲಿಗಳನ್ನು ನೋಡಿದಳು.

ಊಟ ಆರುತ್ತಿದೆ, ಎಲ್ಲಿದ್ದೀರಿ ಎಂದು ಸುಮಾಳ ಫೋನ್ ಬಂತು. ತಡವಾಗುತ್ತದೆ ಎಂದೆ. ಕೆಂಟನ್ನಿನವರೆಗೆ ಉದ್ದಕ್ಕೂ ಅಂಗಡಿಗಳೇ ಇದ್ದವು, ಮತ್ತು ಇಳಾ ಆಗಲೇ ಪಕ್ಕದ ಬೋರ್ಡಿನ ಕೆಳಗೆ ಕತ್ತೆತ್ತಿ ನಿಂತಿದ್ದಳು.