ಖಂಡೇಪೂಜೆಯ ದಿನ ಆರಿದ ಕೌದಿ

ಸನತ್‌ನಗರದ ಕಾರ್ಖಾನೆಗಳಲ್ಲಿ ಮೊದಲ ಪಾಳಿಯ ಸೈರನ್ ಇನ್ನೂ ಕೂಗಿಲ್ಲ. ತಗಡಿನ ಶೆಡ್ಡಿನೊಳಗೆ ಗೊಲ್ಲಾಳಪ್ಪ ಆಗಲೇ ಕೆಲಸಕ್ಕೆ ಕೂತಿದ್ದಾರೆ. ಎದುರಿಗೆ ಅರ್ಧ ಕಟ್ಟಿದ ಮರದ ಪೆಟ್ಟಿಗೆ. ಅದರ ಒಳಮೈ ಮೇಲೆ ಅಂಗೈ ಆಡಿಸುತ್ತಾರೆ, ಎಲ್ಲೋ ಒಂದು ಸಿಬಿರು ತಾಗಿದರೆ ಉಸುಕಿನ ಕಾಗದ ತೆಗೆದುಕೊಂಡು ತಿಕ್ಕುತ್ತಾರೆ, ಮತ್ತೆ ಅಂಗೈ ಆಡಿಸುತ್ತಾರೆ. ಹೆಂಡತಿ ಗಂಗಾಬಾಯಿ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತು ಎಷ್ಟು ಹೊತ್ತಾಯಿತೋ ಏನೋ.

“ಸಾಕು ಬಿಡ್ರಿ ಇನ್ನ. ಕೂಸಿನ ತೊಟ್ಟಿಲಾ ಏನದು?” ಎಂದು ಛೇಡಿಸುತ್ತಾರೆ ಆಕೆ.

ಬೇರೆ ದಿನವಾಗಿದ್ದರೆ ಗೊಲ್ಲಾಳಪ್ಪ ಒಂದಕ್ಕೆ ಎರಡು ಮಾತು ಸೇರಿಸಿ ತಿರುಗಿಸಿ ಕೊಡುತ್ತಿದ್ದರು. ಇವತ್ತು ನಗುವುದಿಲ್ಲ. “ಇದು ಬ್ಯಾರೇದೈತಿ” ಎಂದಷ್ಟೇ ಹೇಳಿ ಚಹಾ ಪಕ್ಕಕ್ಕಿಡುತ್ತಾರೆ.

ಹೈದರಾಬಾದಿನ ಗ್ಯಾಲರಿಗಳಿಂದ ದಿಲ್ಲಿ, ಮುಂಬೈ, ದುಬೈಗಳ ಕಲಾಮೇಳಗಳಿಗೆ ಹೋಗುವ ಚಿತ್ರಗಳಿಗೆ ಪೆಟ್ಟಿಗೆ ಕಟ್ಟುವುದು ಇವರ ಕಸುಬು. ಮೇಳಕ್ಕೆ ಬರುವ ದೊಡ್ಡ ಮಂದಿ ಗೋಡೆ ಮೇಲಿನ ಚಿತ್ರ ನೋಡುತ್ತಾರೆ, ಕೈಯಲ್ಲಿ ಹಣ್ಣಿನ ರಸದ ಗ್ಲಾಸು ಹಿಡಿದು ಅದರ ಅರ್ಥ ಮಾತಾಡುತ್ತಾರೆ. ಆ ಚಿತ್ರ ಗೀರಿಲ್ಲದೆ, ಸುಕ್ಕಿಲ್ಲದೆ ಅಲ್ಲಿಗೆ ತಲುಪಿದ್ದು ಹೇಗೆ ಎಂದು ಯಾರಾದರೂ ಕೇಳಿದ್ದುಂಟೇ? ಪೆಟ್ಟಿಗೆ ಹಿಂದಿನ ಬಾಗಿಲಿನಲ್ಲಿ ಬಂದು ಹಿಂದಿನ ಬಾಗಿಲಿನಲ್ಲೇ ಹೋಗುತ್ತದೆ. ಅದನ್ನು ಕಟ್ಟಿದವರೂ ಅಷ್ಟೆ.

ಆದರೆ ಈ ಸಲದ ಕಥೆ ಬೇರೆ. ಈ ಪೆಟ್ಟಿಗೆಯೊಳಗೆ ಹೋಗುವುದು ಗೋಡೆಗೆ ತೂಗುವ ಟಿ.ವಿ.ಯಷ್ಟು ಅಗಲದ ಒಂದು ಕಪ್ಪು ಪರದೆ. ಅದರಲ್ಲಿ ಬೆಳಕಿಲ್ಲ, ಚಿತ್ರವಿಲ್ಲ. ಮೇಲ್ಭಾಗದಲ್ಲಿ ಮೂರು ಬೆರಳಿನ ವಿಭೂತಿ, ನಡುವೆ ಒಂದು ಕುಂಕುಮದ ಬೊಟ್ಟು. ವಿಭೂತಿ ಉದುರಬಾರದು, ಕುಂಕುಮ ಅಳಿಯಬಾರದು ಎಂದು ಗ್ಯಾಲರಿಯವರ ಕಟ್ಟಪ್ಪಣೆ. ಯಾಕೆಂದರೆ ಈಗ ಅದೇ ಕಲಾಕೃತಿ! ಆ ವಿಭೂತಿ ಎಳೆದ ಬೆರಳು ಗೊಲ್ಲಾಳಪ್ಪನವರದು. ಪರದೆಯೊಳಗಿದ್ದ ಚಿತ್ರ ಆರಿಹೋದದ್ದೂ ಅವರ ಕೈಯಿಂದಲೇ. ಹಾಗಾಗಿ ಕೃತಿಯ ಜೊತೆ ಅವರ ಹೆಸರೂ ಮೇಳಕ್ಕೆ ಹೋಗಲಿದೆ. ಅದು ಅವರಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿದೆ.

“ಊರಿಗೆಲ್ಲ ಡಂಗುರ ಹೊಡಿಯೋವಂಥಾ ಕೆಲಸ ಏನ್ ಮಾಡೀನ್ರಿ ನಾ?” ಎಂದು ಕೇಳುತ್ತಾರೆ. “ಮಂದೀದೊಂದು ಬದುಕು ಹಾಳು ಮಾಡೀನಿ, ಅಷ್ಟ.”

ಗೊಲ್ಲಾಳಪ್ಪ ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯವರು. ಮದುವೆಯಾದ ಹೊಸತರಲ್ಲೇ ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೆಲಸಕ್ಕೆಂದು ಹೈದರಾಬಾದಿಗೆ ಬಂದರು. ಗಂಗಾಬಾಯಿ ಸಿಮೆಂಟಿನ ಬುಟ್ಟಿ ಹೊತ್ತರು, ಇವರು ಸೆಂಟ್ರಿಂಗ್ ಹಲಗೆ ಹೊಡೆದರು. “ಮಣಿಕೊಂಡದಾಗ ಇವತ್ತ ಮುಗಿಲಿಗೆ ಹತ್ತಿ ನಿಂತಾವಲ್ರಿ ಆ ಬಿಲ್ಡಿಂಗು, ಅವುಕ್ಕ ಹಲಗಿ ಹೊಡದು, ಸ್ಲ್ಯಾಬ್ ಗಟ್ಟಿ ಆದಮ್ಯಾಲ ಬಿಚ್ಚಿ ಒಗದೀವಿ. ಪೆಟಗಿನೂ ಹಂಗ. ನಾ ಕಟ್ಟಿದ್ದೆಲ್ಲಾ ಬಿಚ್ಚಿ ಒಗಿಯಾಕ ಐತಿ ನೋಡ್ರಿ” ಎಂದು ತಮ್ಮ ಬದುಕನ್ನು ತಾವೇ ಚೇಷ್ಟೆ ಮಾಡಿಕೊಳ್ಳುತ್ತಾರೆ.

ಒಮ್ಮೆ ಸಾರುವೆಯಿಂದ ಬಿದ್ದು ಸೊಂಟ ಹಿಡಿದುಕೊಂಡಿತು. ಎತ್ತರ ಹತ್ತುವ ಕೆಲಸ ಅಲ್ಲಿಗೆ ಮುಗಿಯಿತು. ಸನತ್‌ನಗರದಲ್ಲಿ ಮೋಟಾರು, ಪಂಪುಗಳಿಗೆ ಪೆಟ್ಟಿಗೆ ಕಟ್ಟುತ್ತ ಕೂತರು. ಒಂದು ದಿನ ಗೋಪಿನಾಥ ಎಂಬವರು ಗಾಜು ಒಡೆದ ಚಿತ್ರವೊಂದನ್ನು ಕಂಕುಳಲ್ಲಿ ಹಿಡಿದು ಬಂದರು. ಬೀದರಿನವರು, ಇಲ್ಲಿನ ಗ್ಯಾಲರಿಯೊಂದರ ಮ್ಯಾನೇಜರು. ಮೋಟಾರು ಸುರಕ್ಷಿತವಾಗಿ ಹೋಗುವುದಾದರೆ ಚಿತ್ರ ಯಾಕೆ ಹೋಗಬಾರದು ಎಂಬುದು ಅವರ ಪ್ರಶ್ನೆ. ಹೋಯಿತು. ಅಲ್ಲಿಂದ ಒಬ್ಬರ ಬಾಯಿಂದ ಒಬ್ಬರಿಗೆ ಹರಡಿ, ಮೇಳದ ಸೀಸನ್ ಬಂತೆಂದರೆ ಶೆಡ್ಡಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

ಈಚೆಗೆ ಆ ಗದ್ದಲ ಕಡಿಮೆ. ಮೇಳಗಳಲ್ಲಿ ಪರದೆಯ ಮೇಲಿನ ಕಲೆಗೇ ದೊಡ್ಡ ದೊಡ್ಡ ಹಾಲ್‌ಗಳನ್ನು ಬಿಟ್ಟುಕೊಡುತ್ತಿದ್ದಾರೆ. ಕೊಂಡವರು ಮನೆಗೆ ಚಿತ್ರ ಒಯ್ಯುವುದಿಲ್ಲ. ‘ಇದು ಇಂಥವರದು’ ಎಂದು ಸಾವಿರಾರು ಕಂಪ್ಯೂಟರುಗಳಲ್ಲಿ ಒಟ್ಟಿಗೇ ದಾಖಲಾಗುತ್ತದೆ, ಅದೇ ಒಡೆತನ. “ಒಬ್ಬ ಸಾಹೇಬ್ರು ಬೆಂಕಿಪಟ್ಣದಷ್ಟು ಡಬ್ಬಿ ತಂದು, ಇದರಾಗ ಇಡೀ ಪ್ರದರ್ಶನ ಐತಿ, ಪೆಟಗಿ ಮಾಡು ಅಂದ್ರು. ಸಾಹೇಬ್ರ, ಕಿಸೇದಾಗ ಇಟ್ಕೊಂಡು ಹೋಗ್ರಿ, ಪೆಟಗಿ ಯಾಕ ಅಂದೆ. ನನ್ನ ಹೊಟ್ಟಿ ಮ್ಯಾಲ ನಾನ ಹೊಡ್ಕೊಂಡೆ!” ಇದನ್ನು ಹೇಳುವಾಗ ಮಾತ್ರ ಅವರ ಮುಖದಲ್ಲಿ ಒಂದಿಷ್ಟು ನಗು ಮೂಡುತ್ತದೆ.

ಈಗ ಆ ಪರದೆಯ ವಿಷಯ. ಅದನ್ನು ಮಾಡಿದವರು ಶೀತಲ. ಸುಲ್ತಾನ್ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಕನ್ನಡದ ಮನೆತನದ ಹುಡುಗಿ, ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಕಲಾವಿದೆ. ಅವರ ಅಜ್ಜಿ ಸಾವಿತ್ರಿಬಾಯಿ ಅಂಗಡಿಯ ಚೂರು ಅರಿವೆಗಳನ್ನೆಲ್ಲ ಕೂಡಿಸಿ ಕೌದಿ ಹೊಲಿಯುತ್ತಿದ್ದರು. ಅಜ್ಜಿ ಹಾಸಿಗೆ ಹಿಡಿದ ಮೇಲೆ ಕೈಗೆ ಸೂಜಿ ನಿಲ್ಲಲಿಲ್ಲ. ಆಗ ಶೀತಲ ಒಂದು ಪರದೆ ತಂದು ಹಾಸಿಗೆಯ ಪಕ್ಕಕ್ಕೆ ಇಟ್ಟರು. ಸುತ್ತಲಿನ ಸದ್ದು ಕೇಳಿಸಿಕೊಂಡು ಆ ಪರದೆ ತಾನೇ ಕೌದಿ ಹೊಲಿಯುತ್ತಿತ್ತು. ಒಂದು ಮಾತಿಗೆ ಒಂದು ಹೊಲಿಗೆ, ಮಾತಿನ ಏರಿಳಿತಕ್ಕೆ ತಕ್ಕ ಬಣ್ಣ. ಅಜ್ಜಿ ಬೈದದ್ದು, ಕೆಮ್ಮಿದ್ದು, ದೇವರ ಹೆಸರು ಹೇಳಿದ್ದು ಎಲ್ಲ ಸೇರಿ ಮೊದಲ ಮೂಲೆ ತುಂಬಿತು. ಅಷ್ಟರಲ್ಲಿ ಅಜ್ಜಿ ತೀರಿಕೊಂಡರು. ಕೌದಿ ಮಾತ್ರ ಬೆಳೆಯುತ್ತಲೇ ಹೋಯಿತು, ಮೂರು ವರ್ಷ, ಒಂದು ಗಳಿಗೆ ನಿಲ್ಲದೆ. ಕರೆಂಟು ಹೋಗಿ ಪರದೆ ಆರಿದರೆ ಹೊಲಿದದ್ದೆಲ್ಲ ಅಳಿದೀತೆಂದು ಜೊತೆಗೊಂದು ಬ್ಯಾಟರಿ ಬೇರೆ.

ಅದರ ಪ್ರತಿ ತೆಗೆದಿಡಬಹುದಿತ್ತು. ಶೀತಲ ತೆಗೆದಿಡಲಿಲ್ಲ. “ಅಜ್ಜಿ ಕೌದಿಗೆ ಎಲ್ಲಿತ್ತು ಎರಡನೇ ಪ್ರತಿ? ಒಂದ ಇರಬೇಕು, ಅದೂ ಬದುಕಿರಬೇಕು ಅಂತ ನನ್ನ ಹಟ” ಎನ್ನುತ್ತಾರೆ. “ಆ ಹಟ ಈಗ ನನ್ನನ್ನ ತಿನ್ನಾಕತ್ತೈತಿ.”

ಹೋದ ದಸರೆಗೆ ಮುಂಚೆ, ಪರದೆಯನ್ನು ಇಟ್ಟಿದ್ದ ಗೋಪಿನಾಥರ ಗ್ಯಾಲರಿಗೆ ಸುಣ್ಣ-ಬಣ್ಣ ನಡೆದಿತ್ತು. ಆ ಕೆಲಸ ಮುಗಿಯುವವರೆಗೆ ಪರದೆಯನ್ನು ಗೊಲ್ಲಾಳಪ್ಪನವರ ಶೆಡ್ಡಿನಲ್ಲಿ ಇಡಲಾಯಿತು. ಬಂದ ದಿನವೇ ಅದು ಅವರ ಸುತ್ತಿಗೆಯ ಸದ್ದು ಹಿಡಿದು ಹೊಲಿಯತೊಡಗಿತು. ಗಂಡ ಹೆಂಡತಿಗೆ ಅದೊಂದು ಆಟವೇ ಆಯಿತು. ಗಂಗಾಬಾಯಿ ಒಗ್ಗರಣೆ ಹಾಕಿದರೂ ಒಂದು ಹೊಲಿಗೆ! “ನನ್ನ ಗರಗಸದ್ದೂ ಒಂದು ತ್ಯಾಪಿ ಬಿದ್ದಿತ್ರಿ ಅದರಾಗ, ಬೂದಿ ಬಣ್ಣದ್ದು. ಅಜ್ಜಿ ಮೂಲಿ ಅರಿಷಿಣ, ಕೆಂಪು. ಭಾಳ ಚಂದಿತ್ತು. ಉಣ್ಣೂವಾಗೆಲ್ಲ ಅದರ ಮುಂದ ಕುಂದರತಿದ್ವಿ.”

ನವಮಿ ಬಂತು. ಖಂಡೇಪೂಜೆ ಎಂದರೆ ಇವರಲ್ಲಿ ದುಡಿಯುವ ಸಾಮಾನುಗಳಿಗೆಲ್ಲ ರಜೆ. ಅವತ್ತು ಗರಗಸ ಮರ ಕೊಯ್ಯುವುದಿಲ್ಲ, ಸುತ್ತಿಗೆ ಮೊಳೆ ಹೊಡೆಯುವುದಿಲ್ಲ. ತೊಳೆದು, ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆದು ಮರುದಿನದವರೆಗೆ ಮುಟ್ಟದೆ ಬಿಡಬೇಕು. ವರ್ಷವೆಲ್ಲ ದುಡಿದ ಕಬ್ಬಿಣಕ್ಕೆ ಅಷ್ಟಾದರೂ ವಿಶ್ರಾಂತಿ ಬೇಡವೇ? ಪೂಜೆ ಮುಗಿಸಿ ಗೊಲ್ಲಾಳಪ್ಪ ತಿರುಗಿ ನೋಡಿದರೆ ಮೂಲೆಯಲ್ಲಿ ಪರದೆ ತನ್ನ ಪಾಡಿಗೆ ತಾನು ಹೊಲಿಯುತ್ತಲೇ ಇದೆ.

“ಎಲ್ಲಾ ಸಾಮಾನು ತಣ್ಣಗ ಕುಂತಾವು, ಇದೊಂದು ದುಡಿಯಾಕತ್ತೈತಿ. ಮೂರು ವರ್ಷ ಆತಂತ, ಒಂದು ದಿನ ಸುಮ್ಮ ಕುಂತಿಲ್ಲಂತ. ಪಾಪ ಅನಿಸ್ತು ನನಗ” ಎನ್ನುತ್ತಾರೆ. ವಿಭೂತಿ ಎಳೆದರು, ಕುಂಕುಮ ಇಟ್ಟರು, ಊದಿನಕಡ್ಡಿ ಬೆಳಗಿದರು. ಆಮೇಲೆ ಅದರ ಮಗ್ಗುಲಿನ ಗುಂಡಿಯನ್ನು, ಮಲಗಿದ ಮಗುವಿನ ಕೆನ್ನೆ ಮುಟ್ಟಿದಷ್ಟು ಮೆಲ್ಲಗೆ, ಒತ್ತಿದರು. ಪರದೆ ಕಪ್ಪಾಯಿತು.

ಬಂದ್ ಮಾಡಬೇಡ ಎಂದು ಗೋಪಿನಾಥ ಹೇಳಿಯೇ ಹೋಗಿದ್ದರು. ಅದನ್ನು ಗೊಲ್ಲಾಳಪ್ಪ ಮುಚ್ಚಿಡುವುದಿಲ್ಲ. “ಹೇಳಿದ್ರು, ಇಲ್ಲ ಅನ್ನಂಗಿಲ್ಲ. ಆದ್ರ ಆ ಮಾತು ಹಬ್ಬದ ದಿನಕ್ಕೂ ಅಂತ ನನಗ ಹೊಳೀಲಿಲ್ಲ. ಫ್ಯಾಕ್ಟರಿ ಮಾಲಕರೂ ವರ್ಷೆಲ್ಲಾ ಮಷೀನ್ ಬಂದ್ ಮಾಡಬ್ಯಾಡ ಅಂತಾರ. ಖಂಡೇಪೂಜಿ ದಿನ ತಾವ ಬಂದು ಬಂದ್ ಮಾಡಿ ಕಾಯಿ ಒಡೀತಾರ. ಆರಿಸಿದ್ರ ಅಳದು ಹೋಗತೈತಿ ಅಂತ ಯಾರೂ ಅಂದಿದ್ದಿಲ್ಲ.”

ಮರುದಿನ ಮುಂಜಾನೆ ಗುಂಡಿ ಒತ್ತಿದರು. ಬಂದದ್ದು ಬಿಳಿ ಖಾಲಿ ಅರಿವೆ. ಹಳೆಯ ಟಿ.ವಿ.ಯ ಹಾಗೆ ನಿಧಾನಕ್ಕೆ ಬರಬಹುದೆಂದು ಕಾದರು. “ಅಯ್ಯ, ಕೌದಿ ಎಲ್ಲಿ ಹೋತು?” ಎಂದು ಗಂಗಾಬಾಯಿ ಚೀರಿದರು. ಆ ಚೀರಿದ ಸದ್ದಿಗೆ ಒಂದು ಹೊಲಿಗೆ ಬಿತ್ತು. ಅಷ್ಟೇ. ಗೊಲ್ಲಾಳಪ್ಪ ಗೋಪಿನಾಥರಿಗೆ ಫೋನು ಮಾಡಿದರು.

ಸುದ್ದಿ ಕೇಳಿ ಶೀತಲ ಬಂದರು. ಬೈಯುತ್ತಾರೆ, ಕೂಗಾಡುತ್ತಾರೆ ಎಂದು ಇವರು ತಲೆ ತಗ್ಗಿಸಿ ನಿಂತಿದ್ದರು. ಆಕೆ ಪರದೆಯ ಮುಂದೆ ಕುಕ್ಕರಗಾಲಲ್ಲಿ ಕೂತು “ಅಜ್ಜೀ” ಎಂದರು. ಇನ್ನೊಂದು ಹೊಲಿಗೆ ಬಿತ್ತು. ಅದನ್ನು ನೋಡಿ ಆಕೆಯೇ ಕೈ ಚಾಚಿ ಗುಂಡಿ ಒತ್ತಿ ಆರಿಸಿಬಿಟ್ಟರು. ಇವತ್ತಿಗೂ ಅದು ಹೊತ್ತಿಲ್ಲ.

“ಅಜ್ಜಿ ಇದ್ದಿದ್ರ ಅಕಿನೂ ಇದನ್ನ ಮಾಡ್ತಿದ್ಲು” ಎನ್ನುತ್ತಾರೆ ಶೀತಲ. “ಖಂಡೇಪೂಜಿ ದಿನ ಹೊಲಿಗಿ ಮಷೀನಿನ ಹತ್ರ ನಮ್ಮನ್ನ ಸುಳಿಯಾಕ ಬಿಡ್ತಿದ್ದಿಲ್ಲ. ಅದಕ್ಕ ಕಾಕಾನ ಮ್ಯಾಲ ಸಿಟ್ಟು ಮಾಡಾಕ ಆಗವಲ್ದು. ಸಿಟ್ಟರ ಬಂದಿದ್ರ ಒಂದಿಷ್ಟು ಹಗುರ ಆಗ್ತಿತ್ತು.”

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಬಂಜಾರಾ ಹಿಲ್ಸಿನ ಸಂಗ್ರಾಹಕರೊಬ್ಬರು ಮೊದಲೇ ಆ ಕೌದಿಯ ಮೇಲೆ ಕಣ್ಣಿಟ್ಟಿದ್ದರು. ಬದುಕಿದ್ದಾಗ ಚೌಕಾಸಿಗೆ ಕೂತಿದ್ದ ಮಹಾಶಯರು, ಅದು ಸತ್ತ ಬಗೆ ಕೇಳಿದ್ದೇ ತಡ, ವಿಭೂತಿ-ಕುಂಕುಮದ ಸಮೇತ ಹಾಗೇ ಬೇಕು ಎಂದು ಹಟ ಹಿಡಿದರು! ಇಂಥ ಕಥೆ ಇನ್ನೊಂದು ಕೃತಿಗಿಲ್ಲವಂತೆ. ಶೀತಲ ಮೊದಮೊದಲು ಬಾಗಿಲು ಹಾಕಿಕೊಂಡರು. ಆಮೇಲೆ ಮನೆಯಲ್ಲಿಟ್ಟುಕೊಂಡು ದಿನಾ ನೋಡಲಾಗದೆ ಒಪ್ಪಿದರು. ಈಗ ಸಂಕ್ರಾಂತಿ ಕಳೆದಿದೆ. ಮೇಳದಲ್ಲಿ ತೋರಿಸಿ ಆಮೇಲೆ ಅವರ ಮನೆ ಸೇರಿಸುವುದೆಂದು ಮಾತಾಗಿದೆ.

ಬಿಸಿಲು ಶೆಡ್ಡಿನೊಳಗೆ ಬರುವ ಹೊತ್ತಿಗೆ ಗೋಪಿನಾಥ ವ್ಯಾನು ತಂದು ನಿಲ್ಲಿಸುತ್ತಾರೆ. ಜೊತೆಗೆ ಶೀತಲ. ಗೊಲ್ಲಾಳಪ್ಪ ಪರದೆಯ ನಾಲ್ಕೂ ಅಂಚನ್ನು ಫೋಮಿನಲ್ಲಿ ಹಿಡಿಸಿ, ಮುಂಭಾಗಕ್ಕೆ ಏನೂ ತಾಗದಂತೆ ಪೆಟ್ಟಿಗೆಯೊಳಗೆ ಇಳಿಸುತ್ತಾರೆ. ವಿಭೂತಿಯ ಒಂದು ಕಣ ಉದುರುವುದಿಲ್ಲ.

ಗೋಪಿನಾಥ ಉತ್ಸಾಹದಿಂದ ಮೊಬೈಲು ತೆಗೆದು ಓದುತ್ತಾರೆ: “ನೋಡಣ್ಣ, ನಿನ್ನೆ ದಾಖಲಾತು. ಮಾಡಿದವರು ಶೀತಲ. ಪೂಜಿಸಿ ಆರಿಸಿದವರು ಗೊಲ್ಲಾಳಪ್ಪ, ಸನತ್‌ನಗರ. ಇನ್ನ ದುನಿಯಾಕ್ಕೆಲ್ಲ ಗೊತ್ತಾಗತೈತಿ ನಿನ್ನ ಹೆಸರು!”

“ತಗೀರಿ ಅದನ್ನ.”

“ತಗಿಯಾಕ ಬರಂಗಿಲ್ಲಣ್ಣ. ಸಾವಿರ ಕಂಪ್ಯೂಟರಿನಾಗ ಒಮ್ಮೆ ಬರದ್ರ ಮುಗೀತು. ನಾಳೆ ನಮ್ಮ ಗ್ಯಾಲರಿ ಮುಚ್ಚಿದ್ರೂ ಅದು ಇರತೈತಿ. ಹೊಸಾದು ಏನರ ಇದ್ರ ಅದರ ಕೆಳಗ ಸೇರಸಬೇಕು, ಅಷ್ಟ.”

ಗೊಲ್ಲಾಳಪ್ಪ ಪೆಟ್ಟಿಗೆಯ ಅಂಚು ಹಿಡಿದು ಕೂರುತ್ತಾರೆ. “ಅಜ್ಜಿ ದನಿ ಒಂದು ಗುಂಡಿ ಒತ್ತಿದ್ದಕ್ಕ ಹೋತು. ನನ್ನ ಹೆಸರು ಏನ್ ಮಾಡಿದ್ರೂ ಹೋಗಂಗಿಲ್ಲ ಅಂತೀರಿ. ಇದೆಂಥಾ ನ್ಯಾಯ್ರಿ?” ಅವರು ಶೀತಲರ ಕಡೆ ತಿರುಗುತ್ತಾರೆ. “ಅಜ್ಜಿ ಹೆಸರೈತೇನು ತಂಗಿ, ಅದರಾಗ?”

ಶೀತಲ ಇಲ್ಲವೆಂದು ತಲೆಯಾಡಿಸುತ್ತಾರೆ. ಯಾರಿಗೂ ಅದು ಹೊಳೆದೇ ಇರಲಿಲ್ಲ.

“ಹಂಗಾರ ಸಾವಿತ್ರಿಬಾಯಿ ಅಂತ ಬರೀರಿ. ನನ್ನ ಹೆಸರಿನ ಮ್ಯಾಲ ಬರೀರಿ.”

“ಮ್ಯಾಲ ಆಗಂಗಿಲ್ಲಲ್ಲಣ್ಣ” ಎನ್ನುತ್ತಾರೆ ಗೋಪಿನಾಥ. ಈಗ ಅವರ ದನಿ ಕುಗ್ಗಿದೆ.

ಶೀತಲ ಆಗಲೇ ಮೊಬೈಲು ಕೈಗೆ ತೆಗೆದುಕೊಂಡಿದ್ದಾರೆ. ಕಣ್ಣು ತುಂಬಿ ಬಂದು ಅಕ್ಷರ ಕಾಣದೆ ಸೆರಗಂಚಿನಲ್ಲಿ ಒರೆಸಿಕೊಳ್ಳುತ್ತಾರೆ. ಗೊಲ್ಲಾಳಪ್ಪ ಮುಚ್ಚಳ ಎತ್ತಿ ಪೆಟ್ಟಿಗೆಯ ಮೇಲೆ ಕೂರಿಸಿ, ಸ್ಕ್ರೂ ಹಾಕುವ ಮೊದಲು ಒಂದು ಗಳಿಗೆ ತಡೆಯುತ್ತಾರೆ.

“ಕೆಳಗರ ಬರೀ ತಂಗಿ. ಓದಾವ್ರು ನನ್ನ ಹೆಸರಿಗೆ ನಿಲ್ಲಬಾರದು. ಕಡೀಕ ಅಕಿನ್ನ ಓದ್ಲಿ.”