ಏಳನೆಯ ರೆಕಾರ್ಡಿಂಗ್

ಚಡಚಣದ ಗಂಡಿನವರು ನನ್ನನ್ನು ಒಲ್ಲೆ ಎಂದರು ಎಂದು ಆರು ವರ್ಷ ನಂಬಿಕೊಂಡಿದ್ದೆ. ಬಣ್ಣ ಕಡಿಮೆ ಎಂದರಂತೆ. ಅವ್ವನಿಗೆ ಲಕ್ವಾ ಹೊಡೆದ ವರ್ಷವದು. ಮಲಗಿದಲ್ಲೇ ಆ ಮಾತು ಹೇಳಿ, ಬಾಯಿಗೆ ಸೆರಗು ಹಿಡಿದು ಅತ್ತಿದ್ದಳು. ಆಮೇಲೆ ನಾನು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟೆ. ಮನೆಯಲ್ಲೇ ಕೂತು ಮಾಡುವ ಕೆಲಸ ಸಿಕ್ಕಿದ್ದೇ ಪುಣ್ಯ ಎಂದುಕೊಂಡೆ.

ಕೆಲಸವೇನು ದೊಡ್ಡದಲ್ಲ. ಯಾರೋ ಯಾರನ್ನೋ ಮಾತಾಡಿಸಿ ರೆಕಾರ್ಡ್ ಮಾಡಿ ಕಳಿಸುತ್ತಾರೆ. ನಾನು ಮುದ್ದೇಬಿಹಾಳದ ನಮ್ಮ ನಡುಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡುತ್ತೇನೆ. ಕೆಮ್ಮಿದರೆ ‘ಕೆಮ್ಮು’, ನಕ್ಕರೆ ‘ನಗು’ ಎಂದು ಕಂಸದಲ್ಲಿ ಬರೆಯಬೇಕು. ಒಂದು ಮಾತೂ ಬಿಡುವಂತಿಲ್ಲ. ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ.

ಹೋದ ಶ್ರಾವಣದಲ್ಲಿ ಹೆಣ್ಣುಮಕ್ಕಳ ಮನೆಗೆಲಸದ ಬಗ್ಗೆ ಒಂದಿಷ್ಟು ಸಂದರ್ಶನ ಬಂದವು. ಹೆಸರಿಲ್ಲ, ಬರೀ ನಂಬರು. ಊರು ಕನ್ನೊಳ್ಳಿ. ಪಂಚಮಿಗೆ ತವರಿಗೆ ಬಂದವರನ್ನೇ ಹಿಡಿದು ಮಾತಾಡಿಸಿದ್ದರು. ತವರಿನ ಕಟ್ಟೆಯ ಮೇಲೆ ಕೂತ ಹೆಂಗಸಿನ ಬಾಯಿಗೆ ಬೀಗ ಎಲ್ಲಿಯದು? ಅತ್ತೆಯರ ಮಾನ ಹರಾಜಾಗುತ್ತಿತ್ತು, ಬರೆಯುತ್ತ ನಾನೂ ನಗುತ್ತಿದ್ದೆ.

ಏಳನೆಯ ದನಿ ನಮ್ಮ ವೈನಿಯದು. ಅಣ್ಣನ ಹೆಂಡತಿ, ಕನ್ನೊಳ್ಳಿಯ ಮಗಳು. ತನ್ನ ಮಾತು ತಿರುಗಿ ತನ್ನ ಮನೆಗೇ ಬರುತ್ತದೆಂದು ಅವಳಿಗೇನು ಗೊತ್ತು?

“ನಮ್ಮತ್ತಿ ಹಾಸಿಗಿ ಹಿಡದಾರ್ರಿ. ಎಲ್ಲಾ ನಾದಿನಿನ ಮಾಡ್ತಾಳ. ಚಡಚಣದವರು ಆಕಿಗೆ ಹೂಂ ಅಂದಿದ್ರು, ನಾವ ಬ್ಯಾಡ ಅಂತ ಹೇಳಿ ಕಳಸಿದ್ವಿ. ಆಕಿ ಹೋದ್ರ ಮುದುಕಿನ್ನ ನೋಡೋರ್ಯಾರು?”

“ಬ್ಯಾಡ ಅಂದವರು ಯಾರ್ರಿ?” ಎಂದು ಮಾತಾಡಿಸುತ್ತಿದ್ದವರು ಕೇಳಿದರು.

“ನಮ್ಮತ್ತಿನರಿ,” ಎಂದು ವೈನಿ ನಕ್ಕಳು.

ಮಾತು ತಿಳಿಯದಿದ್ದರೆ ಹಿಂದಕ್ಕೆ ಹೋಗಿ ಮತ್ತೆ ಕೇಳುವುದು ನಮ್ಮಲ್ಲಿ ರೂಢಿ. ಇದು ಮೊದಲ ಸಲಕ್ಕೇ ತಿಳಿದಿತ್ತು. ಆದರೂ ನಾಲ್ಕು ಸಲ ಕೇಳಿದೆ. ವೈನಿಯ ಮೇಲೆ ಅಷ್ಟು ಸಿಟ್ಟು ಬರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಬೇರೆಯವರನ್ನು ಅಂದೇನು ಫಲ? ಒಂದಕ್ಷರ ಬಿಡದೆ ಬರೆದೆ. ಕಂಸದಲ್ಲಿ ‘ನಗು’ ಎಂದೂ ಹಾಕಿ ಕಳಿಸಿದೆ.

ಅವ್ವನಿಗೆ ಅಂಬಲಿ ಕುಡಿಸುವ ಹೊತ್ತಾಗಿತ್ತು. ಚಮಚ ಹಿಡಿದುಕೊಂಡೇ ಕೇಳಿದೆ.

“ಯವ್ವಾ, ಚಡಚಣದವರು ಹೂಂ ಅಂದಿದ್ರೇನ?”

ಇಲ್ಲ ಅನ್ನಲಿ ಎಂದು ಕಾದೆ. ಸುಳ್ಳಾದರೂ ಅನ್ನಲಿ. ಅವ್ವ ಬಾಯಲ್ಲಿದ್ದದ್ದನ್ನು ನುಂಗಿ, ನನ್ನ ಮುಖ ನೋಡಿದಳು.

“ನಿನಗ ಯಾರ ಹೇಳಿದ್ರು?” ಅಂದಳು.